ಡಾ. ಜಿ. ಯು. ಪೋಪ್: ತಿರುವಾಚಕವನ್ನು ಲೋಕಕ್ಕೆ ನೀಡಿದ ಪಾದ್ರಿ-ಉಪಾಧ್ಯಾಯರು

ಒಂದು ಧರ್ಮದ ಅನುಭಾವ ಸಾಹಿತ್ಯವನ್ನು ಅನ್ಯಧರ್ಮೀಯನೊಬ್ಬನು ಯಥಾರ್ಥವಾಗಿ ಅರಿಯಬಲ್ಲನೆ? ಅರಿತರೆ ಎಷ್ಟರಮಟ್ಟಿಗೆ? ಅರಿಯದೆ ಹೋದ ಭಾಗ ಯಾವುದು? ಶರಣರ ವಚನಗಳು ಇಂದು ಹಲವು ಭಾಷೆಗಳಿಗೆ ಅನುವಾದಗೊಳ್ಳುತ್ತಿರುವುದರಿಂದ ಈ ಪ್ರಶ್ನೆ ಕೇವಲ ಪಾಂಡಿತ್ಯದ ವಿಷಯವಾಗಿ ಉಳಿದಿಲ್ಲ. ಇದಕ್ಕೆ ಉತ್ತರ ಹುಡುಕುವವರಿಗೆ ಒಳ್ಳೆಯ ನಿದರ್ಶನವೊಂದು ನಮ್ಮ ನೆರೆಯಲ್ಲಿಯೇ ಇದೆ. ಅದು ಆಂಗ್ಲಿಕನ್ ಪಾದ್ರಿಯೂ ಶಾಲಾ ಉಪಾಧ್ಯಾಯರೂ ಆಗಿದ್ದ ಡಾ. ಜಾರ್ಜ್ ಯುಗ್ಲೋ ಪೋಪ್ ಅವರ ಜೀವನ. ಅವರು ತಮಿಳು ಶೈವರ ಪರಮಪೂಜ್ಯ ಗ್ರಂಥವಾದ ‘ತಿರುವಾಚಕ’ವನ್ನು ಇಂಗ್ಲಿಷಿಗೆ ತಂದವರು, ಬೆಂಗಳೂರಿನಲ್ಲಿ ಸುಮಾರು ಒಂದು ದಶಕ ಶಾಲೆಯೊಂದನ್ನು ನಡೆಸಿದವರು. ಹೆಸರಿನ ಸಾಮ್ಯದಿಂದ ಇವರನ್ನು ರೋಮಿನ ಜಗದ್ಗುರುವಿನ ಪದವಿಯೊಂದಿಗೆ ಯಾರೂ ಗೊಂದಲಿಸಿಕೊಳ್ಳಬಾರದು. ‘ಪೋಪ್’ ಎಂಬುದು ಇವರ ವಂಶನಾಮ ಮಾತ್ರ.

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ವಾಚಕರಿಗೆ ಈ ವಿಷಯ ಇನ್ನಷ್ಟು ಹತ್ತಿರವಾದುದು. 1799ರಲ್ಲಿ ಟಿಪ್ಪು ಸುಲ್ತಾನನ ಪತನಾನಂತರ ಕೊಳ್ಳೇಗಾಲವು ಕಂಪನಿ ಸರಕಾರದ ವಶವಾಗಿ, ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತು. ಹನೂರು ಆಗ ಕೊಳ್ಳೇಗಾಲ ತಾಲ್ಲೂಕಿನ ಒಳಗೇ ಇದ್ದಿತು. ಮಗ್ಗುಲಿನ ಯಳಂದೂರಾದರೋ ಮೈಸೂರು ಸಂಸ್ಥಾನದಲ್ಲಿಯೇ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆಯಿತು. ಹೀಗೆ ಒಂದೇ ನುಡಿಯ, ಒಂದೇ ಆಚಾರದ ಜನರು ಎರಡು ಆಡಳಿತಗಳ ಕೆಳಗೆ ಬಾಳಿದರು. 1956ರ ನವೆಂಬರ್ 1ರಂದು ಕೊಳ್ಳೇಗಾಲವು ಕನ್ನಡನಾಡಿನಲ್ಲಿ ಸೇರುವವರೆಗೆ ಇಲ್ಲಿಯ ಕಚೇರಿ, ವಿದ್ಯಾಭ್ಯಾಸಗಳೆಲ್ಲ ಮದರಾಸಿನ ಕಡೆಗೇ ಮುಖ ಮಾಡಿದ್ದವು. ಮಲೆಯ ಮಹದೇಶ್ವರನ ಸನ್ನಿಧಿಗೆ ಇಂದಿಗೂ ಸೇಲಂ, ಧರ್ಮಪುರಿ, ಈರೋಡುಗಳಿಂದ ತಮಿಳು ಒಕ್ಕಲು ಬರುತ್ತದೆ. ಆದುದರಿಂದ ತಮಿಳು ಶೈವವು ನಮಗೆ ದೂರದ ಮಾತಲ್ಲ.

ಜನನ ಮತ್ತು ಆರಂಭದ ದಿನಗಳು

ಪೋಪರು 1820ನೆಯ ಏಪ್ರಿಲ್ 24ರಂದು ಉತ್ತರ ಅಮೆರಿಕದ ಪ್ರಿನ್ಸ್ ಎಡ್ವರ್ಡ್ ದ್ವೀಪದಲ್ಲಿ ಜನಿಸಿದರು. ಈ ದ್ವೀಪ ಇಂದು ಕೆನಡಾ ದೇಶದ ಒಂದು ಪ್ರಾಂತ. ತಂದೆ ಜಾನ್ ಪೋಪ್, ತಾಯಿ ಕ್ಯಾಥರೀನ್ ಯುಗ್ಲೋ. ಇಬ್ಬರದೂ ಇಂಗ್ಲೆಂಡಿನ ನೈಋತ್ಯ ಭಾಗದ ಮನೆತನಗಳು. ಜಾರ್ಜ್ ಇನ್ನೂ ಬಾಲಕನಾಗಿದ್ದಾಗಲೇ ಕುಟುಂಬವು ಇಂಗ್ಲೆಂಡಿಗೆ ಮರಳಿ ಪ್ಲಿಮತ್ ನಗರದಲ್ಲಿ ನೆಲೆಸಿತು.

ಈ ಮನೆತನವು ವೆಸ್ಲಿಯನ್ ಪಂಥಕ್ಕೆ ಸೇರಿದುದು. ಹದಿನೆಂಟನೆಯ ಶತಮಾನದಲ್ಲಿ ಜಾನ್ ವೆಸ್ಲಿ ಎಂಬ ಪಾದ್ರಿಯು ಇಂಗ್ಲೆಂಡಿನ ರಾಜಮಾನ್ಯ ಚರ್ಚಿನೊಳಗೆ ಭಕ್ತಿಯ ಹೊಸ ಚಳವಳಿಯೊಂದನ್ನು ಆರಂಭಿಸಿದನು. ಕಾಲಕ್ರಮದಲ್ಲಿ ಅದು ಪ್ರತ್ಯೇಕ ಪಂಥವಾಗಿ ಬೆಳೆಯಿತು. ‘ಆಂಗ್ಲಿಕನ್’ ಎಂದರೆ ಆ ರಾಜಮಾನ್ಯ ಚರ್ಚಿಗೆ, ಅದರ ಬಿಷಪ್ಪುಗಳ ಪರಂಪರೆಗೆ ಸೇರಿದವರು. ಪೋಪರು ವೆಸ್ಲಿಯನ್ನರಾಗಿ ಭಾರತಕ್ಕೆ ಬಂದು, ಇಲ್ಲಿ ಆಂಗ್ಲಿಕನ್ನರಾದರು. ಅವರ ತಮ್ಮ ವಿಲಿಯಂ ಬರ್ಟ್ ಪೋಪರಾದರೋ ವೆಸ್ಲಿಯನ್ ಪಂಥದಲ್ಲಿಯೇ ಉಳಿದು ಅದರ ಪ್ರಮುಖ ಧರ್ಮಶಾಸ್ತ್ರಜ್ಞರೆನಿಸಿದರು. ಒಂದೇ ಮನೆಯ ಇಬ್ಬರು ಸೋದರರು ಹೀಗೆ ಎರಡು ದಾರಿ ಹಿಡಿದುದು ಗಮನಾರ್ಹ.

1839ರಲ್ಲಿ, ತಮ್ಮ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಪೋಪರು ಮದರಾಸಿಗೆ ಬಂದರು. ಇಲ್ಲಿಗೆ ಕಾಲಿಡುವ ಮುನ್ನವೇ ಅವರು ತಮಿಳನ್ನು ಕಲಿಯಲು ಆರಂಭಿಸಿದ್ದರು. 1843ರಲ್ಲಿ ಆಂಗ್ಲಿಕನ್ ದೀಕ್ಷೆ ಪಡೆದು, 1701ರಲ್ಲಿ ಸ್ಥಾಪಿತವಾಗಿದ್ದ ಎಸ್. ಪಿ. ಜಿ. ಎಂಬ ಸುವಾರ್ತಾ ಪ್ರಸಾರ ಸಂಘವನ್ನು ಸೇರಿದರು. ತಿರುನಲ್ವೇಲಿ ಸೀಮೆಯ ಸಾಯರ್‌ಪುರಂ ಅವರ ಮೊದಲ ಮುಖ್ಯ ಕಾರ್ಯಕ್ಷೇತ್ರ. ಅಲ್ಲಿ ಅವರು ಸ್ಥಳೀಯ ತರುಣರಿಗಾಗಿ ವಿದ್ಯಾಲಯವೊಂದನ್ನು ಕಟ್ಟಿದರು. ಆ ಊರಿನಲ್ಲಿ 1962ರಲ್ಲಿ ಆರಂಭವಾದ ಕಾಲೇಜಿಗೆ ಅವರ ಹೆಸರನ್ನೇ ಇಡಲಾಗಿದೆ.

ತಂಜಾವೂರಿನ ಜಾತಿವಿವಾದ

1849ರಲ್ಲಿ ವಿಶ್ರಾಂತಿಗೆಂದು ಸ್ವದೇಶಕ್ಕೆ ತೆರಳಿ, ಹಿಂದಿರುಗಿದ ಮೇಲೆ ಪೋಪರು ತಂಜಾವೂರಿನಲ್ಲಿ ನೆಲೆಸಿದರು. ಅಲ್ಲಿಯ ಕ್ರೈಸ್ತ ಸಮಾಜವನ್ನು ಆ ಕಾಲದಲ್ಲಿ ಕಲಕಿದ ಪ್ರಶ್ನೆ ಜಾತಿಯದು. ಕ್ರೈಸ್ತರಾದವರು ತಮ್ಮ ಹಿಂದಿನ ಕುಲಭೇದವನ್ನು ಆರಾಧನೆಯಲ್ಲಿಯೂ ಪಂಕ್ತಿಯಲ್ಲಿಯೂ ಉಳಿಸಿಕೊಳ್ಳಬಹುದೆ? ಜರ್ಮನಿಯ ಲೈಪ್‌ಜಿಗ್ ಮಿಷನ್ನಿನ ಲೂಥರನ್ ಪಾದ್ರಿಗಳು, ಇದು ಸಾಮಾಜಿಕ ಪದ್ಧತಿ, ಬೋಧನೆಯಿಂದ ಕ್ರಮೇಣ ಕರಗಲಿ ಎಂಬ ಸಹನೆಯ ನಿಲುವನ್ನು ತಾಳಿದರು. ಆಂಗ್ಲಿಕನ್ ಬಿಷಪ್ಪುಗಳು ಅದನ್ನು ಪೂರ್ಣವಾಗಿ ತ್ಯಜಿಸಬೇಕೆಂದರು. ಪೋಪರು ಈ ಎರಡನೆಯ ಪಕ್ಷದಲ್ಲಿ ನಿಂತು 1853ರಲ್ಲಿ ಲೂಥರನ್ನರ ವಿರುದ್ಧ ತೀಕ್ಷ್ಣವಾದ ಪುಸ್ತಿಕೆಯೊಂದನ್ನೇ ಪ್ರಕಟಿಸಿದರು.

ವಚನಗಳನ್ನು ಓದಿದವರಿಗೆ ಈ ವಿವಾದ ಹೊಸದಾಗಿ ತೋರದು. ದೀಕ್ಷೆಯಾದ ಬಳಿಕ ಪೂರ್ವಾಶ್ರಯದ ಕುಲವನ್ನು ಎಣಿಸಲಾಗದೆಂಬುದನ್ನು ಹನ್ನೆರಡನೆಯ ಶತಮಾನದ ಶರಣರು ತಮ್ಮ ನಡೆಯಿಂದಲೇ ಸಾಧಿಸಿ, ಅದಕ್ಕಾಗಿ ಕಲ್ಯಾಣದಲ್ಲಿ ಪ್ರಾಣವನ್ನೂ ತೆತ್ತರು. ಅದೇ ತತ್ತ್ವವನ್ನು ಉಳಿಸಿಕೊಳ್ಳುವುದು ಮುಂದಿನ ತಲೆಮಾರುಗಳಿಗೆ ಎಷ್ಟು ಕಷ್ಟವಾಯಿತೆಂಬುದೂ ನಮಗೆ ತಿಳಿದುದೇ. ಧರ್ಮ ಯಾವುದೇ ಇರಲಿ, ಜಾತಿಯು ಅದರ ಬಾಗಿಲ ಹೊರಗೆ ಪಾದರಕ್ಷೆಯಂತೆ ತಾನಾಗಿ ಉಳಿಯುವುದಿಲ್ಲವೆಂಬುದಕ್ಕೆ ತಂಜಾವೂರಿನ ಈ ಪ್ರಸಂಗ ಸಾಕ್ಷಿ.

ಉದಕಮಂಡಲದಿಂದ ಬೆಂಗಳೂರಿಗೆ

ಪೋಪರು ಮಿಷನ್ನಿನ ಕಾರ್ಯದಿಂದ ಬಿಡುಗಡೆ ಹೊಂದಿ, 1858ರಲ್ಲಿ ಉದಕಮಂಡಲದಲ್ಲಿ ಗ್ರಾಮರ್ ಶಾಲೆಯೊಂದನ್ನು ಸ್ಥಾಪಿಸಿದರು. ಅಲ್ಲಿಂದ ಮುಂದೆ ಅವರ ಜೀವನ ಮುಖ್ಯವಾಗಿ ಉಪಾಧ್ಯಾಯರ ಜೀವನವೇ ಆಯಿತು. ಶಿಸ್ತಿನಲ್ಲಿ ಅವರು ಬಹು ಕಠಿಣರೆಂಬ ಖ್ಯಾತಿಯಿದೆ. ತಮಿಳು ಕಲಿಯುವವರಿಗಾಗಿ ವ್ಯಾಕರಣಗಳು, ಕೈಪಿಡಿಗಳು, ಶಾಲೆಗಳಿಗಾಗಿ ಭಾರತದ ಚರಿತ್ರೆಯ ಪಠ್ಯ, ಇವುಗಳನ್ನು ಅವರು ಬರೆದರು. ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ಪರು 1864ರಲ್ಲಿ ಅವರಿಗೆ ಡಾಕ್ಟರ್ ಆಫ್ ಡಿವಿನಿಟಿ ಪದವಿಯನ್ನಿತ್ತರು.

ಇದೇ ಕಾಲದಲ್ಲಿ, 1862ರಲ್ಲಿ, ಅಬ್ಬೆ ದುಬ್ವಾ ಅವರ ಹಿಂದೂ ಆಚಾರ-ವ್ಯವಹಾರಗಳ ಪ್ರಸಿದ್ಧ ಗ್ರಂಥವನ್ನು ಪೋಪರು ಟಿಪ್ಪಣಿಗಳೊಡನೆ ಮದರಾಸಿನಲ್ಲಿ ಮರುಮುದ್ರಿಸಿದರು. ದುಬ್ವಾ ಮೈಸೂರು ಸೀಮೆಯಲ್ಲಿ ಬಹುಕಾಲ ಬಾಳಿದ ಫ್ರೆಂಚ್ ಕ್ಯಾಥೊಲಿಕ್ ಪಾದ್ರಿ. ಅವರ ಗ್ರಂಥದ ಇಂಗ್ಲಿಷ್ ಅನುವಾದ ಮೊದಲು ಪ್ರಕಟವಾದುದು 1816ರಲ್ಲಿ. ಆ ಗ್ರಂಥದ ಬಹುಭಾಗಕ್ಕೆ ಹಿಂದಿನ ಜೆಸ್ವಿಟ್ ಪಾದ್ರಿ ಕೇರ್ದೂ ಅವರ ಬರೆಹವೇ ಆಧಾರವೆಂಬುದನ್ನು ಇಪ್ಪತ್ತನೆಯ ಶತಮಾನದ ಸಂಶೋಧನೆ ತೋರಿಸಿದೆ. ಹೊರಗಿನವರು ನಮ್ಮ ಬಗ್ಗೆ ಬರೆದುದನ್ನು ಓದುವಾಗ, ಕಂಡು ಬರೆದುದಾವುದು, ಕೇಳಿ ಬರೆದುದಾವುದು ಎಂದು ಬೇರ್ಪಡಿಸುವ ಎಚ್ಚರ ಎಂದಿಗೂ ಅಗತ್ಯ.

1871ರಲ್ಲಿ ಪೋಪರು ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯ ಮುಖ್ಯಸ್ಥರಾದರು. ಈ ಶಾಲೆಯನ್ನು 1865ರಲ್ಲಿ ಸ್ಥಾಪಿಸಿದವರು ಪಾದ್ರಿ ಸ್ಯಾಮ್ಯುಯೆಲ್ ಥಾಮಸ್ ಪೆಟಿಗ್ರೂ. ಶಾಲೆಗೆ ಹೆಸರು ಬಂದುದು ಕಲ್ಕತ್ತೆಯ ಬಿಷಪ್ ಜಾರ್ಜ್ ಕಾಟನ್ ಅವರಿಂದ. ಕಾಟನ್ನರೂ ಪೂರ್ವದಲ್ಲಿ ಉಪಾಧ್ಯಾಯರೇ. ಇಂಗ್ಲೆಂಡಿನ ರಗ್ಬಿ ಶಾಲೆಯಲ್ಲಿ ಪ್ರಸಿದ್ಧ ಶಿಕ್ಷಣತಜ್ಞ ಥಾಮಸ್ ಆರ್ನಲ್ಡರ ಕೈಕೆಳಗೆ ಪಾಠ ಹೇಳಿ, ಬಳಿಕ ಮಾರ್ಲ್‌ಬರೋ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದವರು. ಭಾರತದಲ್ಲಿದ್ದ ಯೂರೋಪಿಯನ್ ಮತ್ತು ಆಂಗ್ಲೋ-ಇಂಡಿಯನ್ ಮಕ್ಕಳಿಗೆ ತಂಪಾದ ಊರುಗಳಲ್ಲಿ ಶಾಲೆಗಳನ್ನು ತೆರೆಯುವ ಯೋಜನೆ ಅವರದು. 1866ರಲ್ಲಿ ಅವರು ಬಂಗಾಳದಲ್ಲಿ ನದಿಗೆ ಬಿದ್ದು ಮೃತರಾದರು.

ಪೋಪರ ಕಾಲದಲ್ಲಿಯೇ ಶಾಲೆಯು ಹೈಗ್ರೌಂಡ್ಸ್ ಪ್ರದೇಶದಿಂದ ಸೇಂಟ್ ಮಾರ್ಕ್ಸ್ ರಸ್ತೆಯ ಈಗಿನ ನಿವೇಶನಕ್ಕೆ ಬಂದಿತು. ಬೆಂಗಳೂರು ಆಗ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿದ್ದಿತು. ಮೈಸೂರು ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದುದು 1881ರಲ್ಲಿ. 1876ರಿಂದ 1878ರವರೆಗಿನ ಭೀಕರ ಕ್ಷಾಮ ನಾಡನ್ನು ಸುಟ್ಟುದೂ ಅವರು ಇಲ್ಲಿದ್ದಾಗಲೇ. ಶಾಲೆಯ ವಿದ್ಯಾರ್ಥಿಗಳು ಬಹುತೇಕ ದಂಡಿನ ಪ್ರದೇಶದ ಇಂಗ್ಲಿಷ್ ಮಾತಿನ ಮಕ್ಕಳು. ಕನ್ನಡದ ಮಕ್ಕಳಿಗೆ ಪೋಪರ ಪಾಠ ದೊರೆಯುವ ಸಂಭವ ತೀರ ಕಡಿಮೆ. 1947ರಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮೊದಲಾದ ಪಂಥಗಳು ಕೂಡಿ ದಕ್ಷಿಣ ಭಾರತ ಸಭೆಯಾದ ಬಳಿಕ ಆ ಶಾಲೆಯು ಅದರ ಆಶ್ರಯಕ್ಕೆ ಬಂದಿತು.

ಕನ್ನಡದೊಡನೆ ಸಂಬಂಧ

ಹತ್ತು ವರ್ಷ ಕನ್ನಡನಾಡಿನಲ್ಲಿದ್ದರೂ ಪೋಪರ ಪ್ರಸಿದ್ಧ ಗ್ರಂಥಗಳಲ್ಲಿ ಕನ್ನಡಕ್ಕೆ ಸಂಬಂಧಿಸಿದುದು ಒಂದೂ ಇಲ್ಲ. ಆದರೆ ಒಂದು ಕಡೆ ಅವರು ಕನ್ನಡವನ್ನು ತಾಗಿದ್ದಾರೆ. ನೀಲಗಿರಿಯ ತೋದರ ಬಗ್ಗೆ ಮಾರ್ಷಲ್ ಎಂಬ ಅಧಿಕಾರಿಯು 1873ರಲ್ಲಿ ಪ್ರಕಟಿಸಿದ ಗ್ರಂಥಕ್ಕೆ ಪೋಪರು ತೋದ ಭಾಷೆಯ ಸಂಕ್ಷಿಪ್ತ ವ್ಯಾಕರಣವನ್ನು ಬರೆದುಕೊಟ್ಟರು. ಆ ಭಾಷೆಯು ಮೂಲತಃ ಹಳಗನ್ನಡವೇ ಎಂಬ ಅಭಿಪ್ರಾಯಕ್ಕೆ ಅವರು ಒಲಿದರು. 1930ರ ದಶಕದಲ್ಲಿ ನೀಲಗಿರಿಯಲ್ಲಿಯೇ ನೆಲೆಸಿ ತೋದವನ್ನು ಅಭ್ಯಸಿಸಿದ ಎಮೆನೊ ಅವರು, ಅದು ದಕ್ಷಿಣ ದ್ರಾವಿಡ ವರ್ಗದ ಸ್ವತಂತ್ರ ಭಾಷೆಯೆಂಬುದನ್ನು ಸ್ಥಿರಪಡಿಸಿದರು. ಪೋಪರ ನಿರ್ಣಯ ನಿಲ್ಲಲಿಲ್ಲ. ಬರಹವಿಲ್ಲದ ಭಾಷೆಗೂ ವ್ಯಾಕರಣವುಂಟೆಂದು ತಿಳಿದು ಅದನ್ನು ಬರೆದಿಟ್ಟ ಶ್ರಮಕ್ಕೆ ಮಾತ್ರ ಬೆಲೆಯುಂಟು.

ಅದೇ ದಶಕದಲ್ಲಿ ಕನ್ನಡಕ್ಕೆ ಬೇರೆ ಮಿಷನರಿಯೊಬ್ಬರ ಸೇವೆ ಸಲ್ಲುತ್ತಿದ್ದಿತು. ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟೆಲ್ಲರು 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿದರು, ಅವರ ಮಹಾನಿಘಂಟು 1894ರಲ್ಲಿ ಹೊರಬಂದಿತು. ವೀರಶೈವವನ್ನು ಕುರಿತಂತೆ ಸಿ. ಪಿ. ಬ್ರೌನರು 1840ರಲ್ಲಿ ಜಂಗಮರ ಮತಾಚಾರಗಳ ಬಗ್ಗೆ ಪ್ರಬಂಧ ಬರೆದಿದ್ದರು. 1860ರ ದಶಕದಲ್ಲಿ ಬಾಸೆಲ್ ಮಿಷನ್ನಿನ ವುರ್ಥರು ಬಸವಪುರಾಣ, ಚೆನ್ನಬಸವಪುರಾಣಗಳನ್ನು ಇಂಗ್ಲಿಷಿನಲ್ಲಿ ಪರಿಚಯಿಸಿದ್ದರು. ಇವೆಲ್ಲ ಪುರಾಣ ಮತ್ತು ಆಚಾರದ ಪರಿಚಯಗಳು. ವಚನಗಳ ಅಂತರಂಗವನ್ನು ತೆರೆಯುವ ಪೋಪರಂಥವರು ಆ ಶತಮಾನದಲ್ಲಿ ನಮಗೆ ದೊರೆಯಲಿಲ್ಲ. ಆ ಕಾರ್ಯಕ್ಕೆ ಫ. ಗು. ಹಳಕಟ್ಟಿಯವರು ಬರಬೇಕಾಯಿತು. ಅವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಪ್ರಕಟವಾದುದು 1923ರಲ್ಲಿ.

ಆಕ್ಸ್‌ಫರ್ಡ್ ಮತ್ತು ಮೂರು ಅನುವಾದಗಳು

1880ರ ದಶಕದ ಆರಂಭದಲ್ಲಿ ಪೋಪರು ಭಾರತವನ್ನು ಬಿಟ್ಟರು. ಅರವತ್ತು ಮೀರಿದ ಆ ವಯಸ್ಸಿನಲ್ಲಿ ಸಾಮಾನ್ಯರು ವಿಶ್ರಾಂತಿಯನ್ನು ಬಯಸುತ್ತಾರೆ. ಪೋಪರ ಮಹತ್ಕಾರ್ಯಗಳೆಲ್ಲ ನಡೆದುದು ಆ ಬಳಿಕವೇ. 1884ರಲ್ಲಿ ಅವರು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ತಮಿಳು-ತೆಲುಗುಗಳ ಬೋಧಕರಾದರು. 1888ರಿಂದ ಬೇಲಿಯಲ್ ಕಾಲೇಜಿನ ಪುರೋಹಿತರೂ ಆದರು. 1886ರಲ್ಲಿ ತಿರುಕ್ಕುರಳಿನ 1330 ಕುರಳುಗಳ ಪದ್ಯಾನುವಾದ, 1893ರಲ್ಲಿ ಜೈನಮುನಿಗಳ ನಾನೂರು ಪದ್ಯಗಳ ‘ನಾಲಡಿಯಾರ್’, 1900ರಲ್ಲಿ ‘ತಿರುವಾಚಕ’ ಪ್ರಕಟವಾದವು. ಕೊನೆಯದರ ಮುನ್ನುಡಿಗೆ ಅವರು ಹಾಕಿದ ದಿನಾಂಕ 1900ನೆಯ ಏಪ್ರಿಲ್ 24. ಅಂದರೆ ಅವರ ಎಂಬತ್ತು ವರ್ಷ ತುಂಬಿದ ದಿನ. ಗ್ರಂಥವನ್ನು ಬೇಲಿಯಲ್ ಕಾಲೇಜಿನ ಮುಖ್ಯಸ್ಥರಾಗಿದ್ದ ದಿವಂಗತ ಜೌವೆಟ್ಟರ ಸ್ಮರಣೆಗೆ ಅರ್ಪಿಸಿದರು. ಇಳಿವಯಸ್ಸಿನಲ್ಲಿ ಈ ಭಾರವನ್ನು ಹೊರುವ ಧೈರ್ಯ ಕೊಟ್ಟವರು ಜೌವೆಟ್ಟರೇ.

ಈ ಗ್ರಂಥಗಳ ರಚನೆಯಲ್ಲಿ ಉಪಾಧ್ಯಾಯರ ಕೈ ಕಾಣುತ್ತದೆ. ಮೂಲಪಾಠ, ಅನುವಾದ, ವಿವರಣೆ, ಕೊನೆಯಲ್ಲಿ ಪದಕೋಶ, ಹೀಗೆ ಕಲಿಯುವವನು ಅನುವಾದವನ್ನೇ ನಂಬಿ ಕುಳಿತುಕೊಳ್ಳದೆ ಮೂಲಕ್ಕೆ ಏರುವಂತೆ ಮೆಟ್ಟಿಲುಗಳನ್ನು ಕಟ್ಟಿದ್ದಾರೆ. ಅನುವಾದಕನು ಮೂಲವನ್ನು ಮರೆಮಾಡದೆ ಅದರೆಡೆಗೆ ದಾರಿ ತೋರಬೇಕೆಂಬ ಈ ನಿಯಮವು ವಚನಾನುವಾದಕರಿಗೂ ಮಾದರಿ.

ತಿರುವಾಚಕ ಮತ್ತು ವಚನ

ತಿರುವಾಚಕದ ಕರ್ತೃ ಮಾಣಿಕ್ಯವಾಚಕರು ಸುಮಾರು ಒಂಬತ್ತನೆಯ ಶತಮಾನದವರು. ಮಧುರೆಯ ಪಾಂಡ್ಯರಾಜನ ಮಂತ್ರಿಯಾಗಿ, ಕುದುರೆಗಳನ್ನು ಕೊಳ್ಳಲು ಹೊರಟವರು ತಿರುಪ್ಪೆರುಂದುರೈಯಲ್ಲಿ ಗುರುರೂಪದ ಶಿವನನ್ನು ಕಂಡು, ರಾಜಧನವನ್ನು ಶಿವಕಾರ್ಯಕ್ಕೆ ಸಲ್ಲಿಸಿದರೆಂಬುದು ಪುರಾಣಕಥೆ. ಐವತ್ತೊಂದು ಭಾಗಗಳ ಈ ಕೃತಿಯು ಹನ್ನೆರಡು ತಿರುಮುರೈಗಳಲ್ಲಿ ಎಂಟನೆಯದರಲ್ಲಿ ಸೇರಿದೆ. ‘ವಾಚಕ’, ‘ವಚನ’ ಎಂಬ ಶಬ್ದಗಳ ಬೇರು ಒಂದೇ. ಅರಸನ ಭಂಡಾರಕ್ಕೂ ಶಿವನ ಸೇವೆಗೂ ನಡುವೆ ಸಿಲುಕಿದ ಮಂತ್ರಿಯ ಕಥೆ ಕೇಳಿದಾಗ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ನೆನಪು ನಮಗೆ ಸಹಜವಾಗಿ ಬರುತ್ತದೆ. ಗುರುವೇ ಶಿವನೆಂಬ ನಿಶ್ಚಯ, ತನ್ನ ಅಲ್ಪತ್ವದ ನಿವೇದನೆ, ಕೃಪೆಯೊಂದೇ ಗತಿಯೆಂಬ ಮೊರೆ, ಸ್ತ್ರೀಭಾವದಿಂದ ಪರಶಿವನನ್ನು ಹಾಡುವುದು, ಇವೆಲ್ಲ ಉಭಯತ್ರ ಸಮಾನ.

ಆದರೆ ಸಾಮ್ಯವನ್ನು ಐಕ್ಯವೆಂದು ಭ್ರಮಿಸಬಾರದು. ಮಾಣಿಕ್ಯವಾಚಕರ ಭಕ್ತಿ ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆದು ಚಿದಂಬರದ ನಟರಾಜನಲ್ಲಿ ನೆಲೆಗೊಳ್ಳುವುದು; ಶರಣರ ಭಕ್ತಿ ಕರಸ್ಥಲದ ಇಷ್ಟಲಿಂಗದಲ್ಲಿ ನೆಲೆಗೊಂಡು ದೇಹವನ್ನೇ ದೇಗುಲವಾಗಿಸಿದುದು. ತಮಿಳು ಶೈವಸಿದ್ಧಾಂತದಲ್ಲಿ ಪತಿ, ಪಶು, ಪಾಶಗಳೆಂಬ ಮೂರೂ ನಿತ್ಯ. ಮುಕ್ತಿಯಲ್ಲಿಯೂ ಜೀವನ ಪ್ರತ್ಯೇಕತೆ ಅಳಿಯದು. ವೀರಶೈವದಲ್ಲಿ ಗುರಿ ಲಿಂಗಾಂಗ ಸಾಮರಸ್ಯ.

ಪೋಪರಿಗೆ ತಿರುವಾಚಕವು ಅಷ್ಟು ಪ್ರಿಯವಾದುದೇಕೆ ಎಂಬುದಕ್ಕೆ ಇಲ್ಲಿ ಸುಳಿವಿದೆ. ಪಾಪನಿವೇದನೆ, ದೇವರ ಕೃಪೆ, ಭಕ್ತನಿಗಾಗಿ ದೇವರು ಇಳಿದುಬರುವುದು, ಇವು ಅವರ ಸ್ವಧರ್ಮದ ಪರಿಚಿತ ಭಾವಗಳು. ಆ ಬಾಗಿಲಿನಿಂದ ಅವರು ಒಳಗೆ ಬಂದರು. ಗ್ರಂಥದೊಡನೆ ಉಮಾಪತಿ ಶಿವಾಚಾರ್ಯರ ‘ತಿರುವರುಟ್ಪಯನ್’ ಎಂಬ ಸಿದ್ಧಾಂತಕೃತಿಯನ್ನೂ ಪರಿಚಯಿಸಿ, ಶೈವವನ್ನು ಶೈವರ ಪರಿಭಾಷೆಯಲ್ಲಿಯೇ ತಿಳಿಸಲು ಯತ್ನಿಸಿದರು. ಆದರೆ ಅದೇ ಬಾಗಿಲು ಇನ್ನೊಮ್ಮೆ ಅವರ ದಾರಿ ತಪ್ಪಿಸಿತು. ಕುರಳಿನ ಪೀಠಿಕೆಯಲ್ಲಿ, ಮೈಲಾಪುರದಲ್ಲಿದ್ದ ತಿರುವಳ್ಳುವರು ಅಲ್ಲಿಯ ಕ್ರೈಸ್ತರ ಬೋಧನೆಯನ್ನು ಕೇಳಿರಬೇಕೆಂದು ಅವರು ಊಹಿಸಿದರು. ಕುರಳಿನ ಕಾಲವನ್ನೂ ಕ್ರಿ. ಶ. 800ರಿಂದ 1000ದ ನಡುವೆ ಇಟ್ಟರು. ಇದಕ್ಕೆ ದೃಢವಾದ ಆಧಾರವಿಲ್ಲವೆಂದು ವಿದ್ವಾಂಸರು ತಳ್ಳಿಹಾಕಿದ್ದಾರೆ; ಕುರಳು ಅದಕ್ಕಿಂತ ಹಿಂದಿನದೆಂಬುದೇ ಇಂದು ಹೆಚ್ಚಿನವರ ಮತ.

ಹೀಗೆ ಒಬ್ಬನೇ ವಿದ್ವಾಂಸನಲ್ಲಿ ಪ್ರೀತಿಯಿಂದ ಹುಟ್ಟಿದ ಅರಿವೂ ಪ್ರೀತಿಯಿಂದಲೇ ಹುಟ್ಟಿದ ಭ್ರಮೆಯೂ ಕಾಣುತ್ತವೆ. ಉತ್ತಮವಾದುದನ್ನೆಲ್ಲ ತನ್ನ ಮನೆಯಿಂದಲೇ ಹೋದುದೆಂದು ಎಣಿಸುವುದು ಪರರನ್ನು ಮೆಚ್ಚುವವನಿಗೆ ಒದಗುವ ದೊಡ್ಡ ಪ್ರಲೋಭನೆ. ನಾವು ಅನ್ಯರ ಗ್ರಂಥಗಳಲ್ಲಿ ವಚನಗಳ ಪ್ರತಿಧ್ವನಿಯನ್ನು ಹುಡುಕುವಾಗಲೂ ಈ ಪ್ರಲೋಭನೆ ನಮ್ಮ ಬೆನ್ನಿಗಿರುತ್ತದೆ.

ಅಂತ್ಯ ಮತ್ತು ಸ್ಮರಣೆ

1906ರಲ್ಲಿ ರಾಯಲ್ ಏಷಿಯಾಟಿಕ್ ಸೊಸೈಟಿಯು ಪೋಪರಿಗೆ ಸುವರ್ಣ ಪದಕವನ್ನಿತ್ತು ಗೌರವಿಸಿತು. 1908ರ ಫೆಬ್ರವರಿಯಲ್ಲಿ ಅವರು ಆಕ್ಸ್‌ಫರ್ಡಿನಲ್ಲಿ ನಿಧನರಾದರು. ಅಲ್ಲಿಯ ಸೇಂಟ್ ಸೆಪಲ್ಕರ್ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ‘ಇಲ್ಲಿ ತಮಿಳು ವಿದ್ಯಾರ್ಥಿಯೊಬ್ಬನು ಮಲಗಿದ್ದಾನೆ’ ಎಂಬರ್ಥದ ಮಾತನ್ನು ಅವರು ತಮ್ಮ ಸಮಾಧಿಯ ಮೇಲೆ ಕೆತ್ತಿಸಿದರೆಂಬ ಕಥೆ ತಮಿಳುನಾಡಿನಲ್ಲಿ ಬಹು ಪ್ರಚಲಿತ. ಆ ಕಲ್ಲಿನ ಮೇಲೆ ಅಂಥ ವಾಕ್ಯವಿಲ್ಲ. ಕುಟುಂಬದವರೂ ದಕ್ಷಿಣ ಭಾರತದ ತಮಿಳು ಮಿತ್ರರೂ ಕೂಡಿ ಆ ಕಲ್ಲನ್ನು ನಿಲ್ಲಿಸಿದರೆಂಬ ಸಂಗತಿ ಮಾತ್ರ ಅದರಲ್ಲಿದೆ. ದಂತಕಥೆಗಿಂತ ಈ ನಿಜವೇ ಹೆಚ್ಚು ಗೌರವದ್ದು. ಸಾವಿರಾರು ಮೈಲಿಯ ಆಚೆಯ ಸಮಾಧಿಗೆ ತಮಿಳರು ಕಾಣಿಕೆ ನೀಡಿದರು.

1968ರಲ್ಲಿ ಮದರಾಸಿನಲ್ಲಿ ನಡೆದ ವಿಶ್ವ ತಮಿಳು ಸಮ್ಮೇಳನದ ಸಂದರ್ಭದಲ್ಲಿ ಕಡಲತೀರದಲ್ಲಿ ಪೋಪರ ಪ್ರತಿಮೆ ನಿಂತಿತು. ಅವರು ಒಂದು ದಶಕ ಬಾಳಿದ ಬೆಂಗಳೂರಿನಲ್ಲಾದರೋ, ಅವರು ಅನುವಾದಿಸಿದ ಕುರಳಿನ ಕರ್ತೃವಿನ ಪ್ರತಿಮೆಯು 1991ರಲ್ಲಿ ಸಿದ್ಧವಾಗಿಯೂ ಹದಿನೆಂಟು ವರ್ಷ ಮುಸುಕು ಹೊದ್ದು ನಿಲ್ಲಬೇಕಾಯಿತು. ಅದು ಕಾವೇರಿ ವಿವಾದ ಉರಿದೆದ್ದ ವರ್ಷ. ಗಡಿಸೀಮೆಯವರಾದ ನಮಗೆ ಅದರ ಕಹಿ ಚೆನ್ನಾಗಿ ಗೊತ್ತು. 2009ರ ಆಗಸ್ಟ್ 9ರಂದು ಬೆಂಗಳೂರಿನಲ್ಲಿ ತಿರುವಳ್ಳುವರ್ ಪ್ರತಿಮೆಯೂ, ನಾಲ್ಕು ದಿನಗಳ ಬಳಿಕ ಚೆನ್ನೈಯಲ್ಲಿ ನಮ್ಮ ಸರ್ವಜ್ಞನ ಪ್ರತಿಮೆಯೂ ಅನಾವರಣಗೊಂಡವು.

ನೆರೆನಾಡಿನ ಶಿವಭಕ್ತಿಯನ್ನು ನಮ್ಮದೆಂದು ಕಾಣುವುದು ಕನ್ನಡಿಗರಿಗೆ ಹೊಸತಲ್ಲ. ತಮಿಳುನಾಡಿನ ಅರುವತ್ತುಮೂವರು ಪುರಾತನರನ್ನು ಶರಣರು ಹೃದಯದಲ್ಲಿಟ್ಟು ನೆನೆದರು. ಹರಿಹರನು ಸುಂದರಮೂರ್ತಿಯನ್ನು ‘ನಂಬಿಯಣ್ಣನ ರಗಳೆ’ಯಲ್ಲಿ ಕನ್ನಡದವನನ್ನಾಗಿ ಮಾಡಿದನು. ಹದಿನೇಳನೆಯ ಶತಮಾನದಲ್ಲಿ ಯಳಂದೂರಿನ ಷಡಕ್ಷರದೇವನು ‘ರಾಜಶೇಖರ ವಿಳಾಸ’ಕ್ಕೆ ಆರಿಸಿಕೊಂಡುದು ಚೋಳನಾಡಿನ ಶಿವಕಥೆಯನ್ನು. ಆ ಮಹಾಕವಿಯ ಗದ್ದುಗೆ ಇಂದಿಗೂ ಯಳಂದೂರಿನಲ್ಲಿದೆ. ಎಲ್. ಗುಂಡಪ್ಪನವರಂಥವರು ಕುರಳನ್ನು ಕನ್ನಡಕ್ಕೆ ತಂದರು. ಬೆಂಗಳೂರಿನ ಬಸವ ಸಮಿತಿಯು ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ವಚನಗಳನ್ನು ತಮಿಳೂ ಸೇರಿದಂತೆ ಅನೇಕ ಭಾರತೀಯ ಭಾಷೆಗಳಿಗೆ ಅನುವಾದಿಸಿ 2012ರಲ್ಲಿ ಪ್ರಕಟಿಸಿತು. ಆದುದರಿಂದ ಹೋಗುವ ದಾರಿಯೂ ಬರುವ ದಾರಿಯೂ ತೆರೆದಿವೆ.

ಪೋಪರು ತಮ್ಮ ಧರ್ಮವನ್ನು ಕೊನೆಯವರೆಗೂ ಬಿಡಲಿಲ್ಲ, ಬಿಡಬೇಕಾಗಿಯೂ ಇರಲಿಲ್ಲ. ಸ್ವಧರ್ಮದಲ್ಲಿ ದೃಢವಾಗಿ ನಿಂತೇ ಪರಧರ್ಮದ ಗ್ರಂಥವೊಂದಕ್ಕೆ ಇಳಿವಯಸ್ಸಿನ ವರ್ಷಗಳನ್ನು ಧಾರೆಯೆರೆದರು. ಅವರ ಊಹೆಗಳಲ್ಲಿ ಕೆಲವು ಬಿದ್ದುಹೋದವು; ಅವರ ಪರಿಶ್ರಮ ಉಳಿಯಿತು. ಅನ್ಯರು ನಮ್ಮ ವಚನಗಳನ್ನು ಓದುವಾಗ ಯಾವ ಆದರವನ್ನೂ ಎಚ್ಚರವನ್ನೂ ನಾವು ಅವರಿಂದ ಬಯಸುತ್ತೇವೆಯೋ, ಅದನ್ನೇ ಅವರ ಗ್ರಂಥಗಳಿಗೆ ನಾವೂ ಸಲ್ಲಿಸುವುದು ಶರಣಪಥಿಕರಿಗೆ ಉಚಿತವಾದ ನಡೆ. ಗಡಿಯೂರುಗಳ ನಮ್ಮ ತರುಣರಲ್ಲಿ ಎರಡೂ ನುಡಿ ಬಲ್ಲವರು ಇಂದಿಗೂ ಉಂಟು. ಅವರಲ್ಲಿ ಕೆಲವರಾದರೂ ತಿರುವಾಚಕವನ್ನು ಮೂಲದಲ್ಲಿ ಓದಿ, ಅದನ್ನು ವಚನಗಳ ಪಕ್ಕದಲ್ಲಿಟ್ಟು, ಸಾಮ್ಯವನ್ನೂ ಭೇದವನ್ನೂ ಸಮಚಿತ್ತದಿಂದ ಬರೆಯಲು ಮುಂದಾದರೆ, ಬೆಂಗಳೂರಿನಲ್ಲಿದ್ದು ಪೋಪರು ಮಾಡದೆ ಬಿಟ್ಟ ಕೆಲಸ ಕೊಳ್ಳೇಗಾಲದ ಸೀಮೆಯಿಂದ ನೆರವೇರಿದಂತಾಗುವುದು.